ಹೆಚ್ಚಾದ ಇನ್ನೂರು ಗ್ರಾಂ

ಅಂಗಡಿಯ ಬಾಗಿಲಿಗೆ ‘ಹೊಸ ಕೆಲಸ ತೆಗೆದುಕೊಳ್ಳುವುದಿಲ್ಲ’ ಎಂದು ನಾನೇ ಬರೆದು ಅಂಟಿಸಿ ನಾಲ್ಕು ದಿನವಾಗಿತ್ತು. ಆದರೂ ಆ ಮನುಷ್ಯ ರಜಾಯಿಯ ಗಂಟನ್ನು ಹೆಗಲ ಮೇಲೆ ಹೊತ್ತು ಸೀದಾ ಒಳಗೆ ಬಂದರು. ಓದಲು ಬಾರದವರೇನಲ್ಲ, ಕನ್ನಡಕ ಮೂಗಿನ ಮೇಲೇ ಇತ್ತು.

“ಬಾಗಿಲ ಮೇಲೆ ಬರೆದಿರೋದು ಕಾಣಿಸ್ಲಿಲ್ವಾ?” ಎಂದೆ.

“ಕಾಣಿಸ್ತು. ಒಳಗೆ ನೀವು ಸೂಜಿ ಹಿಡ್ಕೊಂಡು ಕೂತಿರೋದೂ ಕಾಣಿಸ್ತು.”

“ಇದು ಹಳೇ ಕೆಲಸ. ಮುಗಿದ ಮೇಲೆ ಬೀಗ.”

“ನನ್ನದೂ ಹಳೇದೇ,” ಎಂದು ಅವರು ಗಂಟನ್ನು ನನ್ನ ಮುಂದೆ ಇಳಿಸಿದರು. “ತುಂಬಾ ಹಳೇದು.”

ನನಗೆ ಸಿಟ್ಟು ಬೇಗ ಬರುತ್ತದೆ. ಗಂಡ ಬೇರೆ ಊರಿಗೆ ಕೆಲಸಕ್ಕೆಂದು ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ ಮೇಲೆ ಅದು ಇನ್ನೂ ಬೇಗ ಬರುವುದಕ್ಕೆ ಕಲಿಯಿತು. ಅಂದು ಮಾತ್ರ ಬೈಯುವುದಕ್ಕೂ ತ್ರಾಣವಿರಲಿಲ್ಲ. ಗಂಟು ಬಿಚ್ಚಿ, ರಜಾಯಿಯ ಒಂದು ಮೂಲೆಯನ್ನು ಬೆರಳಲ್ಲಿ ಒತ್ತಿ ನೋಡಿದೆ. ನೋಡಬಾರದಿತ್ತು. ಒಮ್ಮೆ ಕೈಯಿಟ್ಟು ನೋಡಿದ ಮೇಲೆ ವಾಪಸು ಕಳಿಸುವುದು ನನ್ನಿಂದ ಯಾವತ್ತೂ ಆಗಿಲ್ಲ.

ನನ್ನ ಕಸುಬು ಇಷ್ಟೇ: ಹಳೆಯ ರಜಾಯಿ ಬಿಚ್ಚಿ, ಗಟ್ಟಿಯಾಗಿ ಗಂಟು ಕಟ್ಟಿದ ಹತ್ತಿಯನ್ನು ಯಂತ್ರಕ್ಕೆ ಕೊಟ್ಟು ಹಿಂಜಿ, ಅದು ಹಗುರಾಗಿ ಉಬ್ಬಿದ ಮೇಲೆ ಮತ್ತೆ ಗವಸಿಗೆ ತುಂಬಿ ಹೊಲಿದು ಕೊಡುವುದು. ಮೂವತ್ತು ವರ್ಷದಿಂದ ಇದೇ. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಎದೆಯೊಳಗೆ ಒಂದು ದಿಂಬಿಗಾಗುವಷ್ಟು ಹತ್ತಿಯಾದರೂ ಸೇರಿರಬೇಕು. ತುಂಬುವಾಗ ಗವಸನ್ನು ಒಳಮೈ ಹೊರಗಾಗಿ ಹಾಸಿ, ಅದರ ಮೇಲೆ ಹತ್ತಿ ಹರಡಿ, ನಾಲ್ಕೂ ಮೂಲೆ ಹಿಡಿದು ಒಟ್ಟಿಗೆ ತಿರುವಬೇಕು. ಆಗ ಹತ್ತಿ ಒಳಗೆ ಹೋಗಿ ಬಟ್ಟೆಯ ಮುಖ ಹೊರಗೆ ಬರುತ್ತದೆ. ಅದಕ್ಕೆ ನಾಲ್ಕು ಜನ ಬೇಕು. ನನಗೆ ನಾಲ್ಕು ಜನ ಎಲ್ಲಿಂದ ಬರಬೇಕು? ಎರಡು ಮೂಲೆಗಳನ್ನು ಹುರಿಯಿಂದ ಕಿಟಕಿಯ ಸರಳಿಗೆ ಕಟ್ಟಿ, ಒಂದನ್ನು ಕಾಲಲ್ಲಿ ಒತ್ತಿ, ಇನ್ನೊಂದನ್ನು ಕೈಯಲ್ಲಿ ಎಳೆದು ಇಷ್ಟು ವರ್ಷ ತಿರುವಿದ್ದೇನೆ. ಆ ಸರಳಿನ ಬಣ್ಣ ಹುರಿ ಉಜ್ಜಿ ಉಜ್ಜಿ ಹೋಗಿದೆ.

ಈ ಚಳಿಗಾಲದಲ್ಲಿ ಬೆರಳುಗಳು ಕೈಕೊಟ್ಟವು. ಗೆಣ್ಣುಗಳು ಊದಿಕೊಂಡು, ಬೆಳಗ್ಗೆ ಸೂಜಿ ಹಿಡಿಯಬೇಕಾದರೆ ಮೊದಲು ಬಿಸಿನೀರಿನ ಪಾತ್ರೆಯೊಳಗೆ ಕೈ ಅದ್ದಿಕೊಂಡು ಕೂರಬೇಕು. ನನ್ನ ತಮ್ಮ ಆರು ಗಂಟೆ ದಾರಿಯಾಚೆಯ ಊರಿನಲ್ಲಿದ್ದಾನೆ. “ಸಾಕು ಅಕ್ಕ, ಬಂದ್ಬಿಡು, ನಮ್ಮ ಜೊತೇಲೇ ಇದ್ಬಿಡು” ಎಂದು ಫೋನಿನಲ್ಲಿ ಹೇಳಿದ. ಅವನ ಹಿಂದೆ ಹೆಂಡತಿ ಪಾತ್ರೆ ಇಡುವ ಸದ್ದು ಕೇಳುತ್ತಿತ್ತು, ಅವಳ ಮಾತು ಕೇಳಲಿಲ್ಲ. ಅವರ ಮನೆ ನನಗೆ ಗೊತ್ತು. ಎರಡು ಕೋಣೆ, ನಾಲ್ಕು ಜನ. ನನ್ನ ಜಾಗ ನಡುಮನೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ, ಮಡಚುವ ಮಂಚದ ಮೇಲೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅದನ್ನು ಮಡಚಿಡದಿದ್ದರೆ ಯಾರೂ ಬಚ್ಚಲಿಗೆ ಹೋಗುವಂತಿಲ್ಲ. ನನಗೆ ಹೋಗಲು ಇಷ್ಟವಿರಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಆಗ ಯಾರಿಗೂ ಹೇಳಲಿಲ್ಲ. “ಆಯ್ತು ಕಣೋ” ಎಂದಿದ್ದೆ.

ರಜಾಯಿ ತಂದವರು ತಕ್ಕಡಿ ರಿಪೇರಿ ಮಾಡುವವರು. ಹೆಗಲಿಗೆ ಚೀಲ ಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ ಹೋಗಿ, ತೂಕ ಸರಿಯಿದೆಯೋ ಇಲ್ಲವೋ ನೋಡಿ ಸರಿಮಾಡಿ ಬರುವ ಕೆಲಸ. ಬೇಸಿಗೆಯಲ್ಲಿ ಹೆಂಡತಿ ತೀರಿಕೊಂಡರಂತೆ.

“ಕೊನೇ ಎಂಟು ತಿಂಗಳು ಅವಳು ಇದನ್ನೇ ಹೊದ್ದು ಮಲಗಿದ್ದಳು. ಈಗ ನಾನು ಹೊದ್ಕೊಂಡ್ರೆ ಅಲ್ಲಲ್ಲಿ ಗಂಟು, ಮಧ್ಯೆ ಬರೀ ಬಟ್ಟೆ. ಹಿಂಜಿ ಕೊಡಿ. ಆದ್ರೆ ಒಂದು ಎಳೆ ಹೊಸ ಹತ್ತಿ ಸೇರಿಸ್ಬೇಡಿ. ಎಷ್ಟಿದ್ಯೋ ಅಷ್ಟೇ ಸಾಕು.”

“ತೆಳ್ಳಗಾಗುತ್ತೆ. ಚಳಿ ತಡೆಯಲ್ಲ.”

“ತಡೆಯೋದು ಬೇಡ.”

ನಾನು ರಜಾಯಿ ಮಡಚಿ ಪಕ್ಕಕ್ಕೆ ಇಟ್ಟುಕೊಂಡೆ.

ಅದೇ ದಿನ ಮಧ್ಯಾಹ್ನ ಇನ್ನೊಬ್ಬರು ಬಂದರು. ತಲೆಗೆ ಉಣ್ಣೆಯ ಟೋಪಿ, ತೆಳ್ಳನೆ ಮೈ, ಪ್ರತಿ ಮಾತನ್ನೂ ಅಚ್ಚುಮಾಡಿದ ಹಾಗೆ ಬಿಡಿಸಿ ಆಡುವ ಹೆಂಗಸು. ಹಿಂದೆ ಬಟ್ಟೆ ಮಿಲ್ಲಿನ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದರಂತೆ, ಮಿಲ್ಲು ಮುಚ್ಚಿದ ಮೇಲೆ ಇನ್ನೆಲ್ಲೋ. ನಾನು ಮೇಡಂ ಎಂದೇ ಕರೆದೆ, ಆ ಮುಖಕ್ಕೆ ಬೇರೆ ಯಾವ ಹೆಸರೂ ಹೊಂದುತ್ತಿರಲಿಲ್ಲ. ಅವರು ತಂದದ್ದು ಬಿಳಿಯ ಹೊರಗವಸು ತೊಡಿಸಿದ್ದ, ಇಬ್ಬರು ಹೊದೆಯುವ ದೊಡ್ಡ ರಜಾಯಿ.

“ಇದನ್ನ ಒಬ್ಬರದ್ದು ಮಾಡಿಕೊಡಬೇಕು,” ಎಂದರು. “ನಾನು, ನಮ್ಮಕ್ಕ, ಇಬ್ಬರೂ ಮದುವೆ ಆಗಲಿಲ್ಲ. ಒಂದೇ ಮಂಚ, ಒಂದೇ ರಜಾಯಿ. ಅಕ್ಕ ಹೋಗಿಬಿಟ್ಟಳು. ಅರ್ಧ ರಜಾಯಿ ಸುಮ್ಮನೆ ಬಿದ್ದಿರುತ್ತೆ, ಆ ಕಡೆಯಿಂದಲೇ ಚಳಿ ಬರುತ್ತೆ.”

“ಮಿಕ್ಕ ಹತ್ತಿ?”

“ಚೀಲಕ್ಕೆ ಹಾಕಿ ನನಗೇ ಕೊಡಿ. ಬೇರೆ ಯಾರಿಗೂ ಕೊಡಬೇಡಿ.”

ಇಬ್ಬರಿಗೂ ಒಂದೇ ದಿನ ಹೇಳಿದೆ. ಎರಡು ವಾರ ಬಿಟ್ಟು ಶನಿವಾರ. ಭಾನುವಾರ ತಮ್ಮ ಟೆಂಪೊ ತೆಗೆದುಕೊಂಡು ಬರುವವನಿದ್ದ. ಇವೆರಡು ಕೊಟ್ಟರೆ ಅಲ್ಲಿಗೆ ನನ್ನ ಅಂಗಡಿ ಮುಗಿಯಿತು.

ಇನ್ನು ನಾನು ಮಾಡಿದ ಅನಾಹುತದ ವಿಷಯ. ನನ್ನ ಅಂಗಡಿಯಲ್ಲಿ ಚೀಟಿ ಬರೆಯುವ ಪದ್ಧತಿ ಇಲ್ಲ. ಹತ್ತಿಯ ಧೂಳಿನಲ್ಲಿ ಚೀಟಿ ಕಳೆದುಹೋಗುತ್ತದೆ, ಪೆನ್ನಿನ ಅಕ್ಷರ ಅಳಿಸುತ್ತದೆ. ರಜಾಯಿ ಬಿಚ್ಚಿದ ಕೂಡಲೇ ಅದರದೇ ಗವಸಿನ ಒಳಹೊಲಿಗೆಯಿಂದ ಬೆರಳಗಲದ ಚೂರು ಕತ್ತರಿಸಿ, ಹತ್ತಿ ಕಟ್ಟಿದ ಗಂಟಿಗೆ ಸಿಕ್ಕಿಸುತ್ತೇನೆ. ದೊಡ್ಡ ರಜಾಯಿಯಾದರೆ ಎರಡು ಗಂಟು, ಎರಡಕ್ಕೂ ಒಂದೇ ಬಟ್ಟೆಯ ಚೂರು. ಯಾವ ಹತ್ತಿ ಯಾರದು ಎನ್ನುವುದಕ್ಕೆ ಬಟ್ಟೆಯೇ ಸಾಕ್ಷಿ. ಒಬ್ಬರ ಹತ್ತಿ ಇನ್ನೊಬ್ಬರಿಗೆ ಹೋಗಬಾರದು. ಈ ಕಸುಬಿನಲ್ಲಿ ಉಳಿದದ್ದೆಲ್ಲ ಹೇಗಾದರೂ ನಡೆಯುತ್ತದೆ, ಇದೊಂದು ನಡೆಯುವುದಿಲ್ಲ. ಮೂವತ್ತು ವರ್ಷದಲ್ಲಿ ಒಮ್ಮೆಯೂ ನಾನು ಎಡವಿರಲಿಲ್ಲ.

ತಕ್ಕಡಿಯವರ ಗವಸು ಬಿಸಿಲಿಗೆ, ನೀರಿಗೆ ಬಣ್ಣ ಬಿಟ್ಟು ಬೂದಿಯಂತಾಗಿತ್ತು. ಮೇಡಂ ಅವರದು ಬಿಳಿ ಹೊರಗವಸಿನೊಳಗೆ ಅಡಗಿದ್ದು ಗಾಢ ನೀಲಿಯಾಗಿಯೇ ಉಳಿದಿತ್ತು. ಅಕ್ಕಪಕ್ಕ ಇಟ್ಟರೂ ಎರಡೂ ಒಂದೇ ಬಟ್ಟೆ ಎಂದು ಯಾರೂ ಹೇಳುತ್ತಿರಲಿಲ್ಲ. ಆದರೆ ನಾನು ಚೂರು ಕತ್ತರಿಸುವುದು ಒಳಹೊಲಿಗೆಯಿಂದ. ಅಲ್ಲಿ ಬಿಸಿಲು ಬಿದ್ದಿರುವುದಿಲ್ಲ. ಎರಡರ ಒಳಹೊಲಿಗೆಯೂ ಒಂದೇ ನೀಲಿ, ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕಿ. ಒಂದನ್ನು ಕತ್ತರಿಸಿದ್ದು ಬೆಳಗ್ಗೆ, ಇನ್ನೊಂದನ್ನು ಸಂಜೆ. ನನಗೆ ಹೊಳೆಯಲೇ ಇಲ್ಲ.

ಹಿಂಜುವ ದಿನ ತಮ್ಮನ ಫೋನು ಬಂತು. ಟೆಂಪೊ ಗೊತ್ತುಮಾಡಿದ್ದಾನೆ, ಯಂತ್ರವನ್ನು ಗುಜರಿಗೆ ಹಾಕುವುದು ಒಳ್ಳೆಯದು, ಅಲ್ಲಿ ಇಡಲು ಜಾಗವಿಲ್ಲ, ಪಾತ್ರೆಗಳೂ ಬೇಡ. ನಾನು ಹೂಂ ಹೂಂ ಎಂದೆ. ಫೋನಿಟ್ಟು ಯಂತ್ರ ಚಾಲೂ ಮಾಡಿ, ಒಂದು ಗಂಟು ಬಿಚ್ಚಿ ಕೊಟ್ಟೆ. ಅದು ಮುಗಿಯಿತು. ಪಕ್ಕದಲ್ಲಿ ಅದೇ ನೀಲಿ ಚೂರಿನ ಇನ್ನೊಂದು ಗಂಟು. ದೊಡ್ಡ ರಜಾಯಿಯ ಎರಡನೆಯ ಗಂಟು ಎಂದುಕೊಂಡು ಅದನ್ನೂ ಕೊಟ್ಟೆ. ಆಮೇಲೆ ಮತ್ತೊಂದು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ನಾನು ಮಾತ್ರ ಬಚ್ಚಲ ದಾರಿಯ ಮಂಚದ ಮೇಲೆ ಕೂತಿದ್ದೆ. ಇನ್ನು ತಕ್ಕಡಿಯವರದು ಹಿಂಜೋಣ ಎಂದು ತಿರುಗಿ ನೋಡಿದರೆ ನೆಲ ಬರಿದಾಗಿತ್ತು. ಎದುರಿಗೆ ಸೊಂಟದೆತ್ತರಕ್ಕೆ ಬೆಳ್ಳಗೆ ಒಂದೇ ರಾಶಿ.

ಹಿಂಜಿದ ಹತ್ತಿಯನ್ನು ಬೇರೆ ಮಾಡಲು ದೇವರಿಂದಲೂ ಆಗುವುದಿಲ್ಲ.

ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಇನ್ನು ಒಂಬತ್ತು ದಿನಕ್ಕೆ ನಾನೇ ಇಲ್ಲಿರುವುದಿಲ್ಲ, ಹತ್ತಿಗೇನು ಮುಖವಿದೆಯೇ, ಯಾರಿಗೆ ಗೊತ್ತಾಗಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ರಾಶಿಯನ್ನು ತೂಕದ ಪ್ರಕಾರ ಪಾಲು ಮಾಡಿದೆ. ತಕ್ಕಡಿಯವರ ಪಾಲಿಗೆ ಕೈ ಹಾಕುವಾಗ ಮನಸ್ಸು ಚುರುಕ್ಕೆಂದು, ಒಂದು ತೆಕ್ಕೆ ಹೆಚ್ಚಿಗೆ ಸೇರಿಸಿದೆ. ಆಮೇಲೆ ಇನ್ನೊಂದು ತೆಕ್ಕೆ. ತಪ್ಪು ಮಾಡಿದವರ ಕೈ ಧಾರಾಳವಾಗಿರುತ್ತದೆ ಎಂದು ಅಂದು ತಿಳಿಯಿತು.

ಹೊಲಿಯುವುದಕ್ಕೆ ಎಂಟು ದಿನ ಹಿಡಿಯಿತು. ಮುಂಚೆ ಎರಡು ದಿನದ ಕೆಲಸ. ಇಪ್ಪತ್ತು ಹೊಲಿಗೆ ಹಾಕುವುದು, ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂರುವುದು, ಮತ್ತೆ ಇಪ್ಪತ್ತು. ಹೊರಗೆ ಬೀದಿಯಲ್ಲಿ ಜನ ಬಾಯಿಂದ ಹೊಗೆ ಬಿಡುತ್ತ ಹೋಗುತ್ತಿದ್ದರು. ಇದು ನಾನು ಹೊಲಿಯುವ ಕೊನೆಯ ರಜಾಯಿ, ಇದರಲ್ಲೇ ಮೋಸ ಎಂದು ನೆನಪಾದಾಗಲೆಲ್ಲ ದಾರ ತುಂಡಾಗುತ್ತಿತ್ತು. ದಾರಕ್ಕೇನೂ ಗೊತ್ತಿರಲಿಲ್ಲ, ನಾನೇ ಜೋರಾಗಿ ಎಳೆಯುತ್ತಿದ್ದೆ.

ಶನಿವಾರ ಬೆಳಗ್ಗೆ ಹತ್ತಕ್ಕೆ ತಕ್ಕಡಿಯವರು ಬಂದರು. ರಜಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಹಾಗೇ ನಿಂತರು. ಒಮ್ಮೆ ಮೇಲೆತ್ತಿ, ಒಮ್ಮೆ ಕೆಳಗಿಳಿಸಿ, ಕೂಸನ್ನು ಆಡಿಸುವವರ ಹಾಗೆ.

“ಇದು ನನ್ನದಲ್ಲ,” ಎಂದರು.

“ಗವಸು ನೋಡಿ. ನಿಮ್ಮದೇ.”

“ಗವಸು ನನ್ನದು. ತೂಕ ನನ್ನದಲ್ಲ.” ಚೀಲದಿಂದ ಕೊಕ್ಕೆಯ ತಕ್ಕಡಿ ತೆಗೆದು ರಜಾಯಿಯನ್ನು ತೂಗುಹಾಕಿದರು. ಮುಳ್ಳು ನಿಲ್ಲುವವರೆಗೂ ಉಸಿರು ಬಿಡಲಿಲ್ಲ. “ಮನೆಯಿಂದ ತರೋವಾಗ ಎರಡು ಕಿಲೋ ಒಂಬೈನೂರು ಇತ್ತು. ಈಗ ಮೂರು ಕಿಲೋ ನೂರು. ಹಿಂಜಿದ್ರೆ ಧೂಳು ಹೋಗಿ ತೂಕ ಇಳೀಬೇಕಮ್ಮ. ಏರೋದು ಹೇಗೆ?”

ಹತ್ತಿ ಕದ್ದಿದ್ದೀಯ ಎಂದು ಜಗಳಕ್ಕೆ ಬಂದವರನ್ನು ನಾನು ಎಷ್ಟೋ ನೋಡಿದ್ದೇನೆ. ಅವರ ಬಾಯಿ ಮುಚ್ಚಿಸುವುದೂ ನನಗೆ ಗೊತ್ತು. ಹತ್ತಿ ಹೆಚ್ಚಾಯಿತು ಎಂದು ಬಂದವರು ಇವರೊಬ್ಬರೇ.

“ಹೊಸ ಹತ್ತಿ ಹಾಕಿದ್ರಾ?” ಅವರ ದನಿ ಸಣ್ಣದಾಗಿತ್ತು. “ಬೇಡ ಅಂತ ಹೇಳಿದ್ನಲ್ಲ. ಅಷ್ಟೇ ಕೇಳಿದ್ದು ನಾನು.”

ಅಷ್ಟರಲ್ಲಿ ಮೇಡಂ ಬಾಗಿಲಲ್ಲಿ ನಿಂತಿದ್ದರು. ಟೋಪಿ ತೆಗೆದು, ಕಾಲು ಒರೆಸಿಕೊಂಡು ಒಳಗೆ ಬಂದರು. ನಾನು ಇಬ್ಬರನ್ನೂ ನೋಡಿದೆ. ಸುಳ್ಳು ನಾಲಗೆಯ ತುದಿಗೆ ಬಂದಿತ್ತು, ಅದನ್ನು ಹೇಳಲೂ ಸಾಕಾಗಿ ಹೋಗಿತ್ತು.

“ಹೊಸ ಹತ್ತಿ ಅಲ್ಲ,” ಎಂದೆ. “ಇವರದ್ದು. ನಿಮ್ಮಿಬ್ಬರದ್ದೂ ಬೆರೆತುಹೋಯ್ತು. ನನ್ನ ತಪ್ಪು.”

ಬಟ್ಟೆಯ ಚೂರುಗಳನ್ನು ಅಂಗೈಯಲ್ಲಿಟ್ಟು ತೋರಿಸಿದೆ. ಎಲ್ಲ ಹೇಳಿದೆ, ಮುಚ್ಚಿಡಲು ಹೊರಟಿದ್ದನ್ನೂ ಹೇಳಿದೆ. ತಕ್ಕಡಿಯವರು ಸ್ಟೂಲಿನ ಮೇಲೆ ಕುಸಿದು ಕೂತರು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ರಜಾಯಿ ಮಡಿಲಲ್ಲಿತ್ತು, ಅದರ ಮೇಲೆ ಎರಡೂ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದರು.

“ಅಂದ್ರೆ ನಮ್ಮಕ್ಕ ಎರಡರಲ್ಲೂ ಇದ್ದಾಳೆ,” ಎಂದರು ಮೇಡಂ. ಲೆಕ್ಕ ಒಪ್ಪಿಸುವವರ ದನಿ. ಕೈ ಮಾತ್ರ ಟೋಪಿಯನ್ನು ಹಿಂಡುತ್ತಿತ್ತು.

“ನನ್ನ ಹೆಂಡತೀನೂ,” ಎಂದರು ಅವರು, ತಲೆಯೆತ್ತದೆ.

ಮೇಡಂ ನನ್ನ ಅಂಗೈಯಿಂದ ಒಂದು ಚೂರನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ತುಂಬ ಹೊತ್ತು ಹಿಡಿದರು.

“ಈ ಬಟ್ಟೆ ನಿಮಗೆ ಎಲ್ಲಿ ಸಿಕ್ತು?”

“ಅವಳು ಮಿಲ್ಲಲ್ಲಿ ನೂಲು ಸುತ್ತೋ ಕೆಲಸದಲ್ಲಿದ್ಳು. ಮುಚ್ಚೋ ದಿನ ಮಿಕ್ಕಿದ್ದ ಬಟ್ಟೇನ ಎಲ್ಲರಿಗೂ ಹಂಚಿದ್ರಂತೆ.”

“ಆರಾರು ಮೀಟರ್,” ಎಂದರು ಮೇಡಂ. “ಹೆಸರಿನ ಪಟ್ಟಿ ಟೈಪ್ ಮಾಡಿದ್ದು ನಾನು. ಮೇಜಿನ ಪಕ್ಕ ಪಟ್ಟಿ ಹಿಡಿದುಕೊಂಡು ನಿಂತಿದ್ದೆ. ನಿಮ್ಮ ಮನೆಯವರಿಗೆ ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಇತ್ತಾ?”

ಅವರು ತಟ್ಟನೆ ತಲೆಯೆತ್ತಿದರು.

“ಒಬ್ಬರು ಅಳತೆ ಕಡಿಮೆ ಇದೆ ಅಂತ ಸಾಲು ನಿಲ್ಲಿಸಿಬಿಟ್ಟರು. ಮೀಟರ್ ಕೋಲು ಸವೆದಿದೆ, ನಮ್ಮನೇಲಿ ತಕ್ಕಡಿ ಸರಿಮಾಡೋರು ಇದ್ದಾರೆ, ನನ್ನ ಕಣ್ಣಿಗೆ ಮಣ್ಣೆರಚಬೇಡಿ ಅಂದರು. ಮ್ಯಾನೇಜರು ಬೇರೆ ಕೋಲು ತರಿಸಿ ಅಳೆದರೆ ನಿಜವಾಗಿಯೂ ಒಂದು ಗೇಣು ಕಡಿಮೆ. ಅವರ ಹಿಂದೆ ನಿಂತವರಿಗೆಲ್ಲ ಒಂದು ಗೇಣು ಹೆಚ್ಚು ಸಿಕ್ಕಿತು. ನನಗೂ. ಜಗಳ ಆಡುವಾಗಲೂ ನಗುತ್ತಿದ್ದರು.”

“ನಗ್ತಿದ್ಳು,” ಎಂದರು ತಕ್ಕಡಿಯವರು. “ನನ್ನ ಜೊತೆ ಜಗಳ ಆಡುವಾಗಲೂ ಹಾಗೇ. ಅದಕ್ಕೇ ನಾನು ಯಾವತ್ತೂ ಗೆಲ್ಲಲಿಲ್ಲ.”

ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು.

“ಅವಳನ್ನ ಕಂಡವರು ಈ ಊರಲ್ಲಿ ನಾನೊಬ್ಬನೇ ಉಳಿದಿರೋದು ಅಂದ್ಕೊಂಡಿದ್ದೆ,” ಎಂದರು.

ನಾನು ಸ್ಟವ್ ಹಚ್ಚಿ ಟೀಗೆ ನೀರಿಟ್ಟೆ. ಗಿರಾಕಿಗಳಿಗೆ ಟೀ ಕೊಡುವ ಅಭ್ಯಾಸ ನನಗಿಲ್ಲ. ಅಂದು ಬೆನ್ನು ತಿರುಗಿಸಿ ನಿಲ್ಲುವುದಕ್ಕೆ ಒಂದು ನೆಪ ಬೇಕಾಗಿತ್ತು.

ಟೀ ಕುಡಿಯುತ್ತ ಅವರಿಬ್ಬರೂ ಶುರುಮಾಡಿದ ವಾದವನ್ನು ನೀವು ಕೇಳಬೇಕಿತ್ತು. ಯಾವ ರಜಾಯಿ ಯಾರಿಗೆ? ಹತ್ತಿ ಸಮವಾಗಿ ಬೆರೆತಿದೆ ಎನ್ನುವುದಕ್ಕೆ ಏನು ಖಾತರಿ ಎಂದು ತಕ್ಕಡಿಯವರು. ಒಂದರಲ್ಲಿ ಅಕ್ಕ ಹೆಚ್ಚಾಗಿ, ಇನ್ನೊಂದರಲ್ಲಿ ಇವರ ಮನೆಯವರು ಹೆಚ್ಚಾಗಿರಬಹುದಲ್ಲ ಎಂದು ಮೇಡಂ. ನನ್ನನ್ನು ಕೇಳಿದರು. ರಾಶಿಯಲ್ಲಿ ಯಾವ ಕಡೆ ಯಾರದಿತ್ತೆಂದು ನಾನೇನು ಗುರುತು ಹಾಕಿಟ್ಟಿದ್ದೆನೇ ಎಂದೆ. ತಪ್ಪು ನನ್ನದಾದರೂ ದನಿ ಏರಿತು. ಏನು ಮಾಡಲಿ, ಹುಟ್ಟುಗುಣ.

ಕೊನೆಗೆ ತಕ್ಕಡಿಯವರೇ ತೀರ್ಮಾನ ಹೇಳಿದರು. “ಒಂದು ವಾರ ಇದು ನನ್ನ ಹತ್ರ, ಅದು ನಿಮ್ಮ ಹತ್ರ. ಮುಂದಿನ ಶನಿವಾರ ಬದಲಾಯಿಸ್ಕೊಳ್ಳೋದು. ಹಾಗೇ ಪ್ರತಿ ಶನಿವಾರ. ಅಷ್ಟಾದ್ರೆ ಯಾರಿಗೂ ಮೋಸ ಆಗಲ್ಲ.”

“ಎಲ್ಲಿ ಬದಲಾಯಿಸೋದು?” ಎಂದರು ಮೇಡಂ. “ನಮ್ಮ ಮನೆಗೆ ಗಂಡಸರು ರಜಾಯಿ ಹೊತ್ತು ಬಂದರೆ ಓನರಮ್ಮ ಕಿಟಕಿಗೇ ಅಂಟಿಕೊಂಡುಬಿಡುತ್ತಾರೆ.”

“ಇಲ್ಲೇ. ಅಂಗಡೀಲಿ.”

“ಅಂಗಡಿ ಇರಲ್ಲ,” ಎಂದೆ. “ನಾಳೆ ನನ್ನ ತಮ್ಮ ಬರ್ತಾನೆ. ನಾನು ಹೋಗ್ತಿದ್ದೀನಿ.”

ಇಬ್ಬರೂ ಲೋಟ ಕೆಳಗಿಟ್ಟರು.

“ಮತ್ತೆ ಬರೋದು?”

“ಬರಲ್ಲ. ಅಲ್ಲೇ ಇರೋದು.”

“ಚೆನ್ನಾಗಿದೆ,” ಎಂದರು ತಕ್ಕಡಿಯವರು. ಆಗ ಅವರಿಗೆ ಸಿಟ್ಟು ಬಂತು, ಅಷ್ಟು ಹೊತ್ತು ಬಾರದಿದ್ದ ಸಿಟ್ಟು. “ಇಬ್ಬರದ್ದೂ ಕಲಸಿಹಾಕಿ ಗಂಟುಮೂಟೆ ಕಟ್ಟೋದು. ಹೊಲಿಗೆ ಬಿಟ್ರೆ ನಾವು ಯಾರ ಹತ್ರ ಹೋಗ್ಬೇಕು? ಇನ್ನೊಬ್ಬರು ಬಿಚ್ಚಿದ್ರೆ ಇದರಲ್ಲಿ ಏನಿದೆ ಅಂತ ಅವರಿಗೇನು ಗೊತ್ತು?”

“ನನ್ನ ಕೈ ನೋಡಿ,” ಎಂದು ನಾನೂ ಸಿಡುಕಿದೆ. ಎರಡೂ ಕೈ ಮುಂದೆ ಚಾಚಿದೆ. ಯಾರಿಗೂ ತೋರಿಸಿರಲಿಲ್ಲ. “ಇದರಲ್ಲಿ ಹೊಲೀಲಾ? ಈ ಎರಡಕ್ಕೇ ಜೀವ ಬಾಯಿಗೆ ಬಂದಿದೆ. ಹೋಗೋಕೆ ನನಗೇನು ಆಸೆ ಅಂದ್ಕೊಂಡ್ರಾ? ಅವರ ಮನೇಲಿ ಬಚ್ಚಲ ದಾರೀಲಿ ಮಲಗ್ಬೇಕು ನಾನು.”

ಆ ಮಾತು ಹೊರಗೆ ಬಂದದ್ದು ಕೇಳಿ ನಾನೇ ಬೆಚ್ಚಿದೆ. ಮೇಡಂ ಎದ್ದು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದರು. ಅವರ ಕೈ ತಣ್ಣಗಿತ್ತು, ಬೆರಳುಗಳು ಮಾತ್ರ ನೆಟ್ಟಗಿದ್ದವು, ಅರವತ್ತು ದಾಟಿದರೂ.

“ನಲವತ್ತು ವರ್ಷ ಟೈಪ್ ಮಾಡಿದ ಕೈ ಇದು,” ಎಂದರು. “ಸೂಜಿಯೇನು ಮಹಾ. ಹೊಲಿಗೆ ಓರೆಯಾದರೆ ನೀವು ಬೈಯಬಹುದು. ನಿಮಗೆ ಬೈಯೋದು ಚೆನ್ನಾಗಿ ಬರುತ್ತೆ ಅಂತ ಕಾಣುತ್ತೆ.”

ಹಾಗೆಂದು ಮಿಕ್ಕ ಹತ್ತಿಯ ಚೀಲ ಕೇಳಿದರು. ಅದು ಹಿಂದಿನ ಕೋಣೆಯಲ್ಲಿತ್ತು, ತರಲು ಅವರೇ ಹೋದರು. ಹೋದವರು ಬೇಗ ಬರಲಿಲ್ಲ. ಆ ಕೋಣೆಯಲ್ಲಿ ನನ್ನ ಹಾಸಿಗೆ ಇರುವುದು ನನಗೆ ಆಮೇಲೆ ನೆನಪಾಯಿತು. ಹತ್ತಿ ಮೂಟೆಯ ಗೋಣಿಚೀಲ ಎರಡು, ಅದರ ಮೇಲೆ ತೂತುಬಿದ್ದ ಕಂಬಳಿ. ಹೊದೆಯಲು ಅದೇ ಥರದ ಇನ್ನೊಂದು.

ಮೇಡಂ ಚೀಲ ಹಿಡಿದು ಬಾಗಿಲಲ್ಲಿ ನಿಂತರು. “ನಿಮ್ಮ ರಜಾಯಿ ಎಲ್ಲಿ?”

“ಹೊಲ್ಕೊಳ್ಳೋಕೆ ಪುರುಸೊತ್ತಾಗ್ಲಿಲ್ಲ,” ಎಂದೆ.

“ಮೂವತ್ತು ವರ್ಷ?”

ನಾನು ಲೋಟ ತೊಳೆಯಲು ಎದ್ದೆ. ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಹತ್ತಿಯ ಧೂಳಿನ ಮೇಲೆ ಹಾಕುವುದು ನನಗೆ ಅಭ್ಯಾಸ. ತಕ್ಕಡಿಯವರು ಚೀಲವನ್ನು ಕೊಕ್ಕೆಗೆ ಸಿಕ್ಕಿಸಿ ತೂಗಿದರು.

“ಒಂದೂವರೆ ಕಿಲೋ ಇದೆ. ಇದೂ ಬೆರೆತಿದ್ದೇ ಅಲ್ವಾ?” ಎಂದು ನನ್ನನ್ನು ಕೇಳಿದರು. ಹೌದು ಎಂದೆ. “ನನ್ನದರಲ್ಲಿ ಇನ್ನೂರು ಗ್ರಾಂ ಹೆಚ್ಚಿದೆ. ಅದನ್ನೂ ತೆಗೀರಿ. ಒಬ್ಬರಿಗೆ ಸಾಕಾಗುತ್ತೆ.”

“ಗವಸಿಗೆ ನನ್ನ ದೊಡ್ಡ ರಜಾಯಿ ಬಟ್ಟೆ ಅರ್ಧ ಮಿಕ್ಕಿದೆಯಲ್ಲ,” ಎಂದರು ಮೇಡಂ.

ಬೇಡ ಎನ್ನಲು ಬಾಯಿ ತೆರೆದೆ. ಇಬ್ಬರೂ ನನ್ನ ಕಡೆ ನೋಡಲೇ ಇಲ್ಲ. ರಜಾಯಿಯ ಅಗಲದ ಬಗ್ಗೆ ಆಗಲೇ ವಾದ ಶುರುವಾಗಿತ್ತು.

ಭಾನುವಾರ ಒಂಬತ್ತಕ್ಕೆಲ್ಲ ಇಬ್ಬರೂ ಬಂದರು. ತಕ್ಕಡಿಯವರು ಎಣ್ಣೆಡಬ್ಬಿ, ಸ್ಪ್ಯಾನರು ತಂದು ಯಂತ್ರದ ಸಡಿಲ ಬೆಲ್ಟನ್ನು ಬಿಗಿಮಾಡಿ, ಇಷ್ಟು ವರ್ಷ ಇದನ್ನು ಹೇಗೆ ಓಡಿಸಿದಿರಿ ಎಂದು ಗೊಣಗಿದರು. ಆಮೇಲೆ ತಮ್ಮದೇ ರಜಾಯಿಯ ಒಂದು ಬದಿಯನ್ನು ಬಿಚ್ಚಿಸಿ, ಎದುರಿಗೆ ನಿಂತು ಇನ್ನೂರು ಗ್ರಾಂ ತೆಗೆಸಿದರು. ಹತ್ತು ಗ್ರಾಂ ಹೆಚ್ಚು ಬಂದಾಗ ವಾಪಸು ತುಂಬಿಸಿದರು. ಮೇಡಂ ಗವಸು ಹೊಲಿದರು. ಮೊದಲನೆಯ ಸಾಲು ಹಾವಿನಂತೆ ಹೋಗಿತ್ತು, ಬೈದೆ. ಎರಡನೆಯದು ಪರವಾಗಿರಲಿಲ್ಲ. ನೆಲದ ಮೇಲೆ ಗವಸು ಹಾಸಿ, ಮೇಲೆ ಹತ್ತಿ ಪದರಪದರವಾಗಿ ಹರಡುವುದನ್ನು ಮಾತ್ರ ನಾನೇ ಮಾಡಿದೆ. ಅದನ್ನು ಇನ್ನೊಬ್ಬರಿಗೆ ಬಿಡಲು ಇನ್ನೂ ಕಾಲವಿದೆ.

ಹನ್ನೊಂದರ ಹೊತ್ತಿಗೆ ತಮ್ಮ ಬಂದ. ಟೆಂಪೊ ಹೊರಗೆ ಗುರ್ ಎನ್ನುತ್ತಿತ್ತು. ಒಳಗೆ ಇಣುಕಿ, ಇಬ್ಬರು ಅಪರಿಚಿತರನ್ನು, ನೆಲದ ತುಂಬ ಹರಡಿದ ಹತ್ತಿಯನ್ನು, ಕಟ್ಟದೆ ಬಿದ್ದಿದ್ದ ಸಾಮಾನನ್ನು ನೋಡಿದ.

“ಅಕ್ಕ, ಇನ್ನೂ ಏನೂ ಕಟ್ಟಿಲ್ವಾ?”

ತಕ್ಕಡಿಯವರು ಸ್ಪ್ಯಾನರು ಕೆಳಗಿಟ್ಟರು. ಮೇಡಂ ದಾರ ಕಚ್ಚುತ್ತಿದ್ದವರು ಹಾಗೇ ನಿಂತರು. ಅವರಿಗೂ ನಾನು ಏನೂ ಹೇಳಿರಲಿಲ್ಲ. ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ.

“ನಾನು ಬರಲ್ಲ ಕಣೋ,” ಎಂದೆ. “ಬೇಸಿಗೆವರೆಗೆ ಇಲ್ಲೇ ನೋಡ್ತೀನಿ. ಇವರ ಕೈಗಳಿವೆ ಈಗ.”

ಅವನ ಮುಖದಲ್ಲಿ ಮೊದಲು ಕಂಡದ್ದು ನಿರಾಳ. ಭುಜ ಎರಡು ಬೆರಳು ಕೆಳಗಿಳಿಯಿತು. ಆಮೇಲೆ ತಾನು ನಿರಾಳವಾದದ್ದು ನನಗೆ ಕಂಡಿತೆಂದು ತಿಳಿದು ಮುಖ ಕೆಂಪಾಯಿತು. ನನಗೆ ನೋವಾಯಿತು, ಇಲ್ಲವೆನ್ನಲಾರೆ. ಎತ್ತಿ ಆಡಿಸಿದ ಮಗು ಅದು. ಆದರೆ ಅವನದೂ ಎರಡು ಕೋಣೆಯ ಮನೆ, ಅವನಾದರೂ ಏನು ಮಾಡಿಯಾನು. ಕರೆಯಬೇಕಾಗಿತ್ತು, ಕರೆದ. ಆರು ಗಂಟೆ ದಾರಿ ಬಂದ.

“ಟೆಂಪೊ ಸುಮ್ನೆ ತಂದ್ಹಾಗಾಯ್ತು,” ಎಂದ, ಬೇರೇನೂ ತೋಚದೆ.

“ಸುಮ್ನೆ ಯಾಕಾಗುತ್ತೆ. ಚಪ್ಪಲಿ ಬಿಟ್ಟು ಒಳಗೆ ಬಾ. ಆ ಮೂಲೆ ಹಿಡ್ಕೋ.”

ಅವನು ಬಂದು ಬಗ್ಗಿ ಒಂದು ಮೂಲೆ ಹಿಡಿದ. ತಕ್ಕಡಿಯವರು ಒಂದು, ಮೇಡಂ ಒಂದು. ಎಷ್ಟು ಬಿಗಿ ಹಿಡಿಯಬೇಕು, ಯಾವ ಕಡೆ ಮಡಚಬೇಕು ಎಂದು ಹೇಳಿಕೊಟ್ಟೆ. ತಮ್ಮ ಎರಡು ಸಲ ತಪ್ಪು ಕಡೆ ಎಳೆದ, ಬೈಸಿಕೊಂಡ. ಮೂರನೆಯ ಸಲ ನಾಲ್ವರೂ ಒಟ್ಟಿಗೆ ಎತ್ತಿ ತಿರುವಿದೆವು. ಹತ್ತಿ ಒಳಗೆ ಹೋಗಿ, ನೀಲಿ ಬಟ್ಟೆ, ಬಿಳಿ ಚುಕ್ಕಿ ಮೇಲೆ ಬಂತು. ಕಿಟಕಿಯ ಸರಳಿನಲ್ಲಿ ಹುರಿ ಸುಮ್ಮನೆ ನೇತಾಡುತ್ತಿತ್ತು.